ಕಣದ ಹಣೆಬರಹ

ಗಣಿತದ 'ವೇರಿಯಬಲ್' ಎಂಬುದಕ್ಕೆ ನಾವು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತ ಶಬ್ದ 'ಚರ'. ಹಾಗಾದರೆ 'ಹಿಡನ್ ವೇರಿಯಬಲ್' ಎಂದರೆ 'ಗುಪ್ತ ಚರ' ಎನ್ನಬೇಕು. ಅಚ್ಚು ಜೋಡಿಸುವವರು ನಡುವಿನ ಜಾಗ ಬಿಡಲು ಮರೆತರೆ ಅದು 'ಗುಪ್ತಚರ'ನಾಗಿ, ಪೊಲೀಸ್ ಇಲಾಖೆಗೆ ಸೇರಿದ ಮನುಷ್ಯನಾಗಿಬಿಡುತ್ತದೆ! ಭೌತಶಾಸ್ತ್ರದಲ್ಲಿ ಪದವಿಗೆ ಓದುತ್ತಿರುವ ನನ್ನ ಮಗಳು ಇಂಗ್ಲಿಷಿನಲ್ಲಿ ಪಾಠ ಕೇಳಿ, ಮಲಯಾಳದಲ್ಲಿ ಗೆಳತಿಯರೊಡನೆ ಚರ್ಚಿಸಿ, ಮನೆಗೆ ಬಂದು ನನಗೆ ಕನ್ನಡದಲ್ಲಿ ಹೇಳುವಾಗ ಇಂಥ ಶಬ್ದಗಳಲ್ಲಿ ಎಡವುತ್ತಾಳೆ. ಈ ತೊಡಕನ್ನು ಬಿಡಿಸಿದ್ದು ಏಳನೆಯ ತರಗತಿಯವರೆಗೆ ಓದಿದ ನನ್ನ ಅಮ್ಮ. "ಕಣ್ಣಿಗೆ ಕಾಣುವುದಿಲ್ಲ, ಆದರೆ ಮುಂದೆ ಆಗುವುದನ್ನೆಲ್ಲ ಅದೇ ನಿಶ್ಚಯ ಮಾಡುವುದು ಅಂತಾದರೆ ಅದು ಹಣೆಬರಹವೇ ಅಲ್ವಾ ಮಗಾ?" ಎಂದು ಮೊಮ್ಮಗಳನ್ನು ಕೇಳಿದರು.

ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಇದುವರೆಗೆ ಸಿಕ್ಕಿಲ್ಲ. ನಾವು ಹಣೆಬರಹ ಎನ್ನುವುದನ್ನು ನಮ್ಮ ಮಲಯಾಳಿ ನೆರೆಯವರು ತಲವರ ಎನ್ನುತ್ತಾರೆ. ಬರೆದ ಜಾಗ ಹಣೆಯೋ ತಲೆಯೋ ಎಂಬಷ್ಟೇ ವ್ಯತ್ಯಾಸ. ಬರೆದದ್ದಿದೆ, ಓದಲು ಆಗುವುದಿಲ್ಲ ಎಂಬುದರಲ್ಲಿ ಗಡಿಯ ಎರಡು ಭಾಷೆಗಳಿಗೂ ಸಹಮತವಿದೆ.

ನಾನು ಚರಿತ್ರೆ ಓದಿ ಬಿ.ಎ. ಮಾಡಿದವನು, ಬ್ಯಾಂಕಿನಲ್ಲಿ ಗುಮಾಸ್ತ. ನನಗೇಕೆ ಈ ಉಸಾಬರಿ ಎಂದು ಓದುಗರು ಕೇಳಬಹುದು. ಎರಡು ವರ್ಷಗಳ ಹಿಂದೆ ನನ್ನ ಅಣ್ಣ, ಅಡಿಕೆ ತೋಟ ನೋಡಿಕೊಂಡಿದ್ದವನು, ಒಂದು ರಾತ್ರಿ ಎದೆನೋವು ಬಂದು ತೀರಿಕೊಂಡ. ಆಮೇಲೆ ನಮ್ಮ ಮನೆಯಲ್ಲಿ ಎರಡು ಮಾತುಗಳು ಉಳಿದುಕೊಂಡವು. ಅಮ್ಮನ ಮಾತು: "ಅವನ ಹಣೆಯಲ್ಲಿ ಬರೆದದ್ದು ಅಷ್ಟೇ." ಅತ್ತಿಗೆಯ ಮಾತು: "ಆ ದಿನ ಮಧ್ಯಾಹ್ನವೇ ಡಾಕ್ಟರಲ್ಲಿಗೆ ಹೋಗಿರುತ್ತಿದ್ದರೆ ಏನಾಗುತ್ತಿತ್ತು? ನೀವು ಓದುವವರಲ್ವಾ, ಹೇಳಿ." ಮೊದಲನೆಯದು ಎಲ್ಲವೂ ಮೊದಲೇ ಬರೆದಿದೆ ಎನ್ನುತ್ತದೆ. ಎರಡನೆಯದು, ನಡೆಯದೇ ಹೋದ ಸಂಗತಿಗೂ ಒಂದು ನಿಶ್ಚಿತ ಫಲ ಎಲ್ಲೋ ಇದ್ದೇ ಇದೆ ಎಂದು ನಂಬುತ್ತದೆ. ಬೆಳಕಿನ ಒಂದು ಕಣದ ಬಗ್ಗೆ ವಿಜ್ಞಾನಿಗಳು ನೂರು ವರ್ಷಗಳಿಂದ ಜಗಳವಾಡುತ್ತಿರುವುದು ಸರಿಸುಮಾರು ಈ ಎರಡು ಮಾತುಗಳ ಮೇಲೆಯೇ ಎಂದು ಮಗಳ ಪುಸ್ತಕಗಳಿಂದ ತಿಳಿದಾಗ ನನಗೆ ಅವುಗಳನ್ನು ಕೆಳಗಿಡಲಾಗಲಿಲ್ಲ. ಮನುಷ್ಯ ಬೆಳಕಿನ ಕಣವಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಪ್ರಪಂಚದ ತಳದ ಲೆಕ್ಕಪುಸ್ತಕದಲ್ಲಿ ಹಣೆಬರಹ ಎಂಬ ಖಾತೆ ಇದೆಯೋ ಇಲ್ಲವೋ ಎಂದು ತಿಳಿಯುವ ಆಸೆ ಗುಮಾಸ್ತನಿಗೆ ಸಹಜವಲ್ಲವೆ?

ತಂಪು ಕನ್ನಡಕಗಳಲ್ಲಿ ಬಳಸುವ ಪೋಲರಾಯ್ಡ್ ಹಾಳೆಯನ್ನು ನೀವು ನೋಡಿರಬಹುದು. ಒಂದು ಹಾಳೆಯನ್ನು ದಾಟಿ ಬಂದ ಬೆಳಕಿಗೆ, 45 ಡಿಗ್ರಿ ಓರೆಯಾಗಿ ಎರಡನೆಯ ಹಾಳೆ ಹಿಡಿದರೆ ಅರ್ಧ ಬೆಳಕು ದಾಟುತ್ತದೆ, ಅರ್ಧ ನಿಲ್ಲುತ್ತದೆ. ಬೆಳಕು ಕಣಕಣವಾಗಿ ಬರುವುದರಿಂದ ಪ್ರತಿಯೊಂದು ಕಣ, ಅಂದರೆ ಫೋಟಾನ್, ಒಂದೋ ದಾಟಬೇಕು ಇಲ್ಲವೇ ನಿಲ್ಲಬೇಕು. ಯಾವುದು ದಾಟುತ್ತದೆ? 1925-26ರಲ್ಲಿ ರೂಪುಗೊಂಡ ಕ್ವಾಂಟಮ್ ಸಿದ್ಧಾಂತ ಇದಕ್ಕೆ ಉತ್ತರ ಹೇಳುವುದಿಲ್ಲ. ಐವತ್ತಕ್ಕೆ ಐವತ್ತು ಎಂದು ಸುಮ್ಮನಾಗುತ್ತದೆ. ಐನ್‌ಸ್ಟೈನರಿಗೆ ಇದು ಸಮಾಧಾನ ತರಲಿಲ್ಲ. 1935ರಲ್ಲಿ ಅವರು ಪೊಡೊಲ್ಸ್ಕಿ ಮತ್ತು ರೋಸೆನ್ ಎಂಬಿಬ್ಬರ ಜತೆಗೂಡಿ, ಸಿದ್ಧಾಂತ ತಪ್ಪಲ್ಲ, ಆದರೆ ಅಪೂರ್ಣ ಎಂದು ವಾದಿಸಿದರು. ಕಣದ ಹಣೆಯಲ್ಲಿ ಇನ್ನೂ ಏನೋ ಬರೆದಿದೆ, ನಾವು ಓದಿಲ್ಲ ಎಂಬುದು ಅದರ ತಾತ್ಪರ್ಯ.

ಹಾಗೆ ಬರೆದಿರಲು ಸಾಧ್ಯವೇ ಇಲ್ಲವೆಂದು ಜಾನ್ ಫಾನ್ ನೋಯ್ಮನ್ ಎಂಬ ಮಹಾಗಣಿತಜ್ಞ 1932ರಲ್ಲೇ ಒಂದು ಸಾಧನೆ ಕೊಟ್ಟಿದ್ದರು. ಅದರಲ್ಲಿ ಲೋಪವಿದೆ ಎಂದು 1935ರಲ್ಲಿ ಗ್ರೆಟೆ ಹರ್ಮನ್ ಎಂಬ ಜರ್ಮನ್ ಮಹಿಳೆ ತೋರಿಸಿಕೊಟ್ಟರೂ ದೊಡ್ಡವರ ಲೆಕ್ಕವನ್ನು ಮರಳಿ ಕೂಡಿಸಿ ನೋಡುವವರು ಕಡಿಮೆ. ಮುಂದೆ 1952ರಲ್ಲಿ ಡೇವಿಡ್ ಬೋಮ್ ಎಂಬ ಅಮೆರಿಕನ್, ಆಗುವುದಿಲ್ಲ ಎಂದದ್ದನ್ನು ಮಾಡಿಯೇ ತೋರಿಸಿದರು. ಲೂಯಿ ಡಿ ಬ್ರಾಯ್ 1927ರಲ್ಲಿ ಬ್ರಸೆಲ್ಸಿನ ಸಮ್ಮೇಳನದಲ್ಲಿ ಮಂಡಿಸಿ ಕೈಬಿಟ್ಟಿದ್ದ ವಿಚಾರವನ್ನೇ ಅವರು ಪೂರ್ತಿಗೊಳಿಸಿದ್ದು. ಕಣಕ್ಕೆ ಪ್ರತಿ ಕ್ಷಣವೂ ಒಂದು ನಿಶ್ಚಿತ ಸ್ಥಾನವಿದೆ, ಒಂದು ಅಲೆ ಅದಕ್ಕೆ ದಾರಿ ತೋರಿಸುತ್ತದೆ, ಫಲಿತಾಂಶವೆಲ್ಲ ಮೊದಲ ಸ್ಥಾನದಿಂದಲೇ ನಿಶ್ಚಿತ. ಪ್ರಯೋಗದ ಉತ್ತರಗಳೆಲ್ಲ ಕ್ವಾಂಟಮ್ ಸಿದ್ಧಾಂತದ ಉತ್ತರಗಳೇ. ಆ ಹೊತ್ತಿಗೆ ಬೋಮರ ಸ್ವಂತ ಸ್ಥಾನವೇ ಅನಿಶ್ಚಿತವಾಗಿತ್ತು. ರಾಜಕೀಯ ಸಂಶಯದ ಕಾಲದಲ್ಲಿ ಪ್ರಿನ್ಸ್‌ಟನ್ನಿನ ಕೆಲಸ ಹೋಗಿ ಅವರು ಬ್ರೆಜಿಲಿಗೆ ಹೊರಟರು. ಅಲ್ಲಿ ಅವರ ಪಾಸ್‌ಪೋರ್ಟನ್ನೂ ಅಮೆರಿಕದ ಅಧಿಕಾರಿಗಳು ತೆಗೆದಿಟ್ಟುಕೊಂಡರು. ನಮ್ಮ ಓದುಗರಲ್ಲಿ ಕೆಲವರಿಗೆ ಅವರ ಪರಿಚಯ ಬೇರೆ ದಾರಿಯಿಂದ ಆಗಿರಬಹುದು: ಜಿಡ್ಡು ಕೃಷ್ಣಮೂರ್ತಿಯವರೊಡನೆ ಅವರು ನಡೆಸಿದ ಸಂವಾದಗಳ ಒಂದು ಪುಸ್ತಕ 1985ರಲ್ಲಿ 'ದಿ ಎಂಡಿಂಗ್ ಆಫ್ ಟೈಮ್' ಎಂಬ ಹೆಸರಿನಲ್ಲಿ ಬಂತು.

ಬೋಮರ ಲೆಕ್ಕದಲ್ಲಿ ಒಂದು ವಿಚಿತ್ರವಿತ್ತು. ಜತೆಯಾಗಿ ಹುಟ್ಟಿದ ಎರಡು ಕಣಗಳಲ್ಲಿ ಒಂದನ್ನು ಇಲ್ಲಿ ಮುಟ್ಟಿದರೆ, ಎಷ್ಟೇ ದೂರದಲ್ಲಿದ್ದರೂ ಇನ್ನೊಂದರ ದಾರಿ ಆ ಕ್ಷಣವೇ ಬದಲಾಗುತ್ತದೆ. ಈ ವಿಚಿತ್ರವಿಲ್ಲದ ಹಣೆಬರಹ ಸಾಧ್ಯವಿಲ್ಲವೆ ಎಂದು ಕೇಳಿದವರು ಜಾನ್ ಬೆಲ್. 1928ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಇವರು ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ಅಲ್ಲಿನ ಕೆಲಸ ಬೇರೆ. ಈ ಪ್ರಶ್ನೆ ಅವರ ಬಿಡುವಿನ ಹವ್ಯಾಸ. 1964ರ ಅವರ ಪ್ರಸಿದ್ಧ ಲೇಖನ ರಜೆಯ ಮೇಲೆ ಅಮೆರಿಕಕ್ಕೆ ಹೋಗಿದ್ದಾಗ ಬರೆದದ್ದು. ಕಚೇರಿ ಕೆಲಸದ ನಡುವೆ ಓದಿ ಬರೆಯುವ ನಮ್ಮಂಥವರಿಗೆ ಇದು ತುಸು ಧೈರ್ಯ ಕೊಡುವ ಸಂಗತಿ.

ಬೆಲ್ ಮಾಡಿದ್ದು ಅಪ್ಪಟ ಲೆಕ್ಕ ತಪಾಸಣೆ. 1981ರಲ್ಲಿ ಡೇವಿಡ್ ಮರ್ಮಿನ್ ಎಂಬವರು ಅದನ್ನು ಯಾರಾದರೂ ಎಣಿಸಬಹುದಾದಷ್ಟು ಸರಳಗೊಳಿಸಿದರು. ಅದನ್ನು ನಮ್ಮ ಊರಿನ ರೂಪದಲ್ಲಿ ಹೇಳುತ್ತೇನೆ.

ಅವಳಿ ಸಹೋದರರಿಬ್ಬರು ಕಾಸರಗೋಡಿನಿಂದ ಹೊರಡುತ್ತಾರೆ. ಒಬ್ಬ ಮಂಜೇಶ್ವರಕ್ಕೆ, ಇನ್ನೊಬ್ಬ ಹೊಸದುರ್ಗಕ್ಕೆ. ಎರಡೂ ಕಡೆ ಒಬ್ಬೊಬ್ಬ ಗುಮಾಸ್ತ ಕುಳಿತಿದ್ದಾನೆ. ಅವನ ಬಳಿ ಮೂರು ಪ್ರಶ್ನೆಗಳಿವೆ. ದಾಳ ಹಾಕಿ ಒಂದನ್ನು ಮಾತ್ರ ಕೇಳುತ್ತಾನೆ. ಉತ್ತರ 'ಹೌದು' ಅಥವಾ 'ಅಲ್ಲ'. ಇಂಥ ಸಾವಿರಾರು ಜೋಡಿಗಳನ್ನು ಕಳಿಸಿ ನೋಡಿದಾಗ, ಎರಡೂ ಕಡೆ ಒಂದೇ ಪ್ರಶ್ನೆ ಬಿದ್ದಾಗಲೆಲ್ಲ ಉತ್ತರವೂ ಒಂದೇ ಆಗುತ್ತದೆ, ಒಂದು ಸಲವೂ ತಪ್ಪದೆ. ನೀವಾದರೆ ಏನು ಹೇಳುತ್ತೀರಿ? ಹೊರಡುವ ಮೊದಲೇ ಇಬ್ಬರೂ ಮಾತಾಡಿಕೊಂಡು, ಒಂದೇ ರೀತಿಯ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ ಎನ್ನುತ್ತೀರಿ. ಆ ಚೀಟಿಯೇ ಹಣೆಬರಹ.

ಈಗ ಚೀಟಿಗಳನ್ನು ಎಣಿಸೋಣ. ಮೂರು ಪ್ರಶ್ನೆ, ಎರಡೆರಡು ಉತ್ತರ; ಒಟ್ಟು ಎಂಟು ಬಗೆಯ ಚೀಟಿ ಮಾತ್ರ ಸಾಧ್ಯ. ಎರಡು ಚೀಟಿಗಳಲ್ಲಿ ಮೂರೂ ಉತ್ತರ ಒಂದೇ. ಉಳಿದ ಆರರಲ್ಲಿ ಎರಡು ಒಂದು ರೀತಿ, ಒಂದು ಬೇರೆ. ಹಾಗಾದರೆ ಇಬ್ಬರಿಗೂ ಬೇರೆ ಬೇರೆ ಪ್ರಶ್ನೆ ಬಿದ್ದಾಗ ಏನಾಗಬೇಕು? ಮೂರು ಪ್ರಶ್ನೆಗಳಿಂದ ಆಗುವ ಜೋಡಿ ಮೂರು. ಯಾವ ಚೀಟಿಯನ್ನೇ ತೆಗೆದುಕೊಳ್ಳಿ, ಮೂರರಲ್ಲಿ ಒಂದು ಜೋಡಿಯಾದರೂ ಹೊಂದಲೇಬೇಕು. ಅಂದರೆ ಬೇರೆ ಪ್ರಶ್ನೆ ಬಿದ್ದ 3000 ಸಂದರ್ಭಗಳಲ್ಲಿ ಸುಮಾರು 1000 ಸಲವಾದರೂ ಉತ್ತರ ಒಂದೇ ಬರಬೇಕು. ಇದಕ್ಕಿಂತ ಕಡಿಮೆ ಬರುವಂಥ ಚೀಟಿಯನ್ನು ಬ್ರಹ್ಮನೂ ಬರೆಯಲಾರ.

ಅವಳಿ ಫೋಟಾನುಗಳೇ ಈ ಸಹೋದರರು. 0, 60, 120 ಡಿಗ್ರಿಗೆ ತಿರುಗಿಸಿಟ್ಟ ಪೋಲರಾಯ್ಡ್ ಹಾಳೆಗಳೇ ಮೂರು ಪ್ರಶ್ನೆಗಳು. ಕ್ವಾಂಟಮ್ ಸಿದ್ಧಾಂತದ ಲೆಕ್ಕದಲ್ಲಿ 3000ಕ್ಕೆ ಬರುವುದು 750. ಚೀಟಿಯ ಲೆಕ್ಕಕ್ಕೆ 250 ಕಡಿಮೆ.

ಯಾವುದು ಸರಿ ಎಂದು ಪ್ರಕೃತಿಯನ್ನೇ ಕೇಳಲಾಯಿತು. ಬೇರೆ ಬೇರೆ ಕೋನಗಳಲ್ಲಿ, ಬೇರೆ ಬೇರೆ ವಿಧಾನಗಳಲ್ಲಿ ಇದೇ ಬಗೆಯ ಎಣಿಕೆ ನಡೆಯಿತು. 1972ರಲ್ಲಿ ಬರ್ಕ್ಲಿಯಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1982ರಲ್ಲಿ ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಅಲೆನ್ ಆಸ್ಪೆ ಮತ್ತು ಸಂಗಡಿಗರು, 2015ರಲ್ಲಿ ಹಾಲೆಂಡಿನ ಡೆಲ್ಫ್ಟಿನಲ್ಲಿ 1.3 ಕಿಲೋಮೀಟರ್ ಅಂತರದಲ್ಲಿ ಇನ್ನೊಂದು ತಂಡ. ಪ್ರತಿ ಸಲವೂ ಕ್ವಾಂಟಮ್ ಲೆಕ್ಕವೇ ಸರಿಹೊಂದಿತು. 2022ರಲ್ಲಿ ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೆ ನೊಬೆಲ್ ಪ್ರಶಸ್ತಿ ಬಂತು. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಹಣೆಬರಹ ಇಲ್ಲವೆಂದು ಸಿದ್ಧವಾಯಿತೆ? ಅನೇಕರು ಹಾಗೆ ಬರೆಯುತ್ತಾರೆ, ಅದು ಸರಿಯಲ್ಲ. ಇಲ್ಲವೆಂದಾದದ್ದು, ಪ್ರತಿಯೊಬ್ಬನೂ ತನ್ನದನ್ನು ತನ್ನ ಕಿಸೆಯಲ್ಲೇ ಇಟ್ಟುಕೊಂಡು, ಹಿಂದಿನಿಂದ ಮುಂದಕ್ಕೆ ಮಾತ್ರ ಒಯ್ಯುವ ಹಣೆಬರಹ. ಬ್ಯಾಂಕಿನಲ್ಲಿ ಒಂದು ನಿಯಮವಿದೆ: ಒಂದು ಖಾತೆಗೆ ಜಮೆಯಾದರೆ ಇನ್ನೊಂದು ಖಾತೆಗೆ ಖರ್ಚು ಬೀಳಲೇಬೇಕು. ಹಣೆಬರಹವನ್ನು ಜಮೆ ಮಾಡಿಕೊಳ್ಳುವವರು ಎಲ್ಲಿ ಖರ್ಚು ಹಾಕುತ್ತೀರಿ ಎಂದು ಹೇಳಬೇಕು. ಬೆಲ್ ಕೇಳಿದ್ದು ಈ ಒಂದು ವೋಚರನ್ನು. ಬೋಮರ ದಾರಿಯವರು 'ದೂರ' ಎಂಬ ಖಾತೆಗೆ ಖರ್ಚು ಹಾಕುತ್ತಾರೆ: ಮಂಜೇಶ್ವರದಲ್ಲಿ ಪ್ರಶ್ನೆ ಬಿದ್ದದ್ದು ಹೊಸದುರ್ಗದವನಿಗೆ ಆ ಕ್ಷಣವೇ ತಟ್ಟುತ್ತದೆ. ಇನ್ನೊಂದು ಖಾತೆ ಇದೆ, ಅದರ ಹೆಸರು 'ಕಾಲದ ದಿಕ್ಕು'. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಕಾಲ ಮುಂದಕ್ಕೆ ಮಾತ್ರ ಹೋಗುತ್ತದೆ ಎಂಬುದರಲ್ಲಿ ನಮಗೆ ಯಾರಿಗೂ ಸಂಶಯವಿಲ್ಲ. ಒಡೆದ ಮಡಕೆ ಕೂಡುವುದಿಲ್ಲ, ಬಿದ್ದ ಅಡಿಕೆ ಮರಕ್ಕೇರುವುದಿಲ್ಲ. ಆದರೆ ವಿಚಿತ್ರವೆಂದರೆ, ತಳದ ನಿಯಮಗಳಲ್ಲಿ ಈ ದಿಕ್ಕು ಕಾಣುವುದಿಲ್ಲ. ಕೆಲವು ವಿರಳ ಕಣಗಳ ಸೂಕ್ಷ್ಮ ವ್ಯತ್ಯಾಸ ಬಿಟ್ಟರೆ, ನ್ಯೂಟನ್ನರ ಸಮೀಕರಣವಾಗಲಿ 1926ರ ಶ್ರೋಡಿಂಗರ್ ಸಮೀಕರಣವಾಗಲಿ, ಚಿತ್ರದ ರೀಲನ್ನು ಹಿಂದುಮುಂದಾಗಿ ಓಡಿಸಿದರೂ ಒಪ್ಪಿಕೊಳ್ಳುತ್ತವೆ. ಮಡಕೆ ಕೂಡದಿರುವುದಕ್ಕೆ ಕಾರಣ ಎಣಿಕೆಯದ್ದು ಎಂದು ವಿಯೆನ್ನಾದ ಬೋಲ್ಟ್ಸ್‌ಮನ್ 1870ರ ದಶಕದಲ್ಲಿ ತೋರಿಸಿದರು: ಚೂರುಗಳು ಚೆದರಿ ಬೀಳುವ ವಿಧಗಳು ಅಸಂಖ್ಯ, ಮಡಕೆಯಾಗಿ ಕೂಡುವ ವಿಧಗಳು ಬೆರಳೆಣಿಕೆಯಷ್ಟು. ವಿಶ್ವವು ಬಹಳ ಅಚ್ಚುಕಟ್ಟಾದ ಸ್ಥಿತಿಯಿಂದ ಹೊರಟಿದ್ದರಿಂದ ಕಾಲಕ್ಕೆ ದಿಕ್ಕು ಬಂತು. ಅಂದರೆ ಅದು ಕೋಟಿ ಕೋಟಿ ಕಣಗಳ ಗುಂಪಿನ ಗುಣ, ಒಂಟಿ ಕಣದ್ದಲ್ಲ.

ಈಗ ಒಂಟಿ ಫೋಟಾನಿಗೆ ಬನ್ನಿ. ಅದು ಮೊದಲ ಹಾಳೆ ದಾಟಿ ಎರಡನೆಯದರತ್ತ ಹೋಗುತ್ತಿದೆ. ನಡುದಾರಿಯಲ್ಲಿ ಅದರ ಗುಣ ಏನು? ಹಿಂದೆ ದಾಟಿದ ಹಾಳೆ ಕೊಟ್ಟ ಗುಣ ಎನ್ನುತ್ತೇವೆ. ಈಗ ರೀಲನ್ನು ತಿರುಗಿಸಿ. ಆಗ ಮುಂದಿನ ಹಾಳೆಯೇ ಹಿಂದಿನದಾಗುತ್ತದೆ. ನಿಯಮಕ್ಕೆ ದಿಕ್ಕಿನ ಪಕ್ಷಪಾತವಿಲ್ಲವೆಂದಾದರೆ, ಹಿಂದಿನ ಹಾಳೆಗಿರುವ ಹಕ್ಕು ಮುಂದಿನದಕ್ಕೇಕಿಲ್ಲ? ಬೆಲ್ ಲೇಖನ ಬಂದ 1964ರಲ್ಲೇ ಅಹರೊನೊವ್, ಬರ್ಗ್‌ಮನ್, ಲೆಬೊವಿಟ್ಸ್ ಎಂಬ ಮೂವರು, ಮೊದಲ ಮತ್ತು ಕೊನೆಯ ಫಲಿತಾಂಶ ಎರಡನ್ನೂ ಹಿಡಿದಿಟ್ಟರೆ ನಡುವಿನ ಅಳತೆಯ ಸಂಭವದ ಲೆಕ್ಕ ಹಿಂದಿನಿಂದಲೂ ಮುಂದಿನಿಂದಲೂ ಒಂದೇ ಎಂದು ತೋರಿಸಿದ್ದರು.

ಡಿ ಬ್ರಾಯ್ ಅವರ ಶಿಷ್ಯ ಒಲಿವಿಯೆ ಕೋಸ್ತಾ ದ ಬೊರೆಗಾರ್ ಎಂಬವರು 1953ರಲ್ಲೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಹ್ಯೂ ಪ್ರೈಸ್ ಎಂಬ ತತ್ವಶಾಸ್ತ್ರಜ್ಞರು 1996ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇವರ ಮಾತನ್ನು ನಮ್ಮ ಅವಳಿಗಳಿಗೆ ಹೊಂದಿಸಿ ಹೀಗೆ ಹೇಳಬಹುದು: ಬೆಲ್ ಲೆಕ್ಕ ನಿಂತಿರುವುದು, ಕಾಸರಗೋಡು ಬಿಡುವಾಗ ಅವಳಿಗಳಿಗೆ ಮುಂದೆ ಬೀಳುವ ಪ್ರಶ್ನೆ ಗೊತ್ತಿಲ್ಲ ಎಂಬ ನಂಬಿಕೆಯ ಮೇಲೆ. ಪ್ರಶ್ನೆಪತ್ರಿಕೆ ಸೋರಿಹೋದರೆ 750 ಏನು, ಯಾವ ಅಂಕವೂ ಸಾಧ್ಯ. ನಾಳೆ ಕೇಳುವ ಪ್ರಶ್ನೆಯ ನೆರಳು ಇಂದು ಚೀಟಿ ಬರೆಯುವ ಕೈಯ ಮೇಲೆ ಬೀಳುತ್ತದೆ ಎಂದರೆ, ದೂರದ ಖಾತೆಯನ್ನು ಮುಟ್ಟದೆ ಹಣೆಬರಹ ಉಳಿಯುತ್ತದೆ. ಖರ್ಚು ಬೀಳುವುದು ಕಾಲದ ಖಾತೆಗೆ.

ಸೋರಿಕೆ ಇನ್ನೊಂದು ರೀತಿಯಲ್ಲೂ ಆಗಬಹುದು: ದಾಳ, ಗುಮಾಸ್ತ, ಅವಳಿಗಳು ಎಲ್ಲರೂ ಅನಾದಿ ಕಾಲದಿಂದ ಒಳಸಂಚಿನಲ್ಲಿರಬಹುದು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆನರಿ ದ್ವೀಪಗಳ ಲಾ ಪಾಲ್ಮಾದಲ್ಲಿ, 700 ಕೋಟಿ ವರ್ಷಗಳಿಗೂ ಹಿಂದೆ ಹೊರಟ ಕ್ವೇಸಾರುಗಳ ಬೆಳಕಿನಿಂದ ಪ್ರಶ್ನೆಗಳನ್ನು ಆರಿಸಲಾಯಿತು. ಆಗಲೂ ಕ್ವಾಂಟಮ್ ಲೆಕ್ಕವೇ ಗೆದ್ದಿತು. ಸಂಚು ನಡೆದಿದ್ದರೆ ಅದು ಅದಕ್ಕೂ ಹಿಂದಿನದಾಗಿರಬೇಕು. ಆದರೆ ಸೋರಿಕೆ ನಾಳೆಯ ಕಡೆಯಿಂದಾದರೆ ಎಷ್ಟು ಹಿಂದಿನ ಬೆಳಕೂ ಅದನ್ನು ತಡೆಯಲಾರದು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯಲ್ಲಿ ದಪ್ಪ ಲೆಡ್ಜರುಗಳು ಇನ್ನೂ ಇದ್ದವು. ನಿನ್ನೆಯ ಪುಟವನ್ನು ಅಳಿಸುವಂತಿಲ್ಲ. ಆದರೆ ಇಂದು ಬರೆಯುವ ನಮೂದಿಗೆ ಹಿಂದಿನ ತಾರೀಖಿನ 'ವ್ಯಾಲ್ಯೂ ಡೇಟ್' ಕೊಡುವ ಕ್ರಮವಿತ್ತು, ಈಗ ಕಂಪ್ಯೂಟರಿನಲ್ಲೂ ಇದೆ. ಬಡ್ಡಿ ಆ ಹಿಂದಿನ ದಿನದಿಂದಲೇ ಲೆಕ್ಕವಾಗುತ್ತದೆ. ಈ ಹೊಸ ವಿಚಾರವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಒಂದು ವ್ಯತ್ಯಾಸ ಮಾತ್ರ ಮುಖ್ಯ. ಬ್ಯಾಂಕಿನಲ್ಲಿ ಗಿರಾಕಿಯ ಹಳೆಯ ಪಾಸ್‌ಬುಕ್ಕಿನಲ್ಲಿ ಬೇರೆ ಅಂಕಿ ಮುದ್ರಣವಾಗಿರಬಹುದು. ಕಣದ ವಿಷಯದಲ್ಲಿ ನಡುವೆ ಯಾರೂ ಪಾಸ್‌ಬುಕ್ ಮುದ್ರಿಸಿಲ್ಲ. ಮುದ್ರಿಸಲು ಹೋದರೆ ಅದೇ ಒಂದು ಹೊಸ ಪ್ರಶ್ನೆಯಾಗಿಬಿಡುತ್ತದೆ. ಆದ್ದರಿಂದ ಇಲ್ಲಿ ಭೂತಕಾಲ ಮೊದಲು ಒಂದಾಗಿದ್ದು ಆಮೇಲೆ ಇನ್ನೊಂದಾಯಿತು ಎಂದಲ್ಲ. ಅದು ಬರೆಯಲ್ಪಟ್ಟದ್ದು ಒಂದೇ ಸಲ. ಬರೆದ ಕೈಗಳಲ್ಲಿ ಒಂದು ನಾಳೆಯದು. ನಿನ್ನೆಗೆ ಕಾಗದ ಕಳಿಸಲು, ಆದದ್ದನ್ನು ಆಗದಂತೆ ಮಾಡಲು ಈ ವಿಚಾರದಲ್ಲಿ ಎಡೆಯಿಲ್ಲ. ಚೀಟಿ ಗುಪ್ತವಾಗಿರುವುದರಿಂದಲೇ ಆ ಬಾಗಿಲು ಮುಚ್ಚಿದೆ.

2017ರಲ್ಲಿ ಮ್ಯಾಥ್ಯೂ ಲೈಫರ್ ಮತ್ತು ಮ್ಯಾಥ್ಯೂ ಪ್ಯೂಸಿ ಎಂಬಿಬ್ಬರು ಈ ವಾದಕ್ಕೆ ಗಟ್ಟಿಯಾದ ಗಣಿತದ ರೂಪ ಕೊಟ್ಟರು. ಕಣಕ್ಕೆ ನಿಜವಾದ ಗುಪ್ತಗುಣವಿದೆ ಎಂದೂ, ಕಾಲಕ್ಕೆ ತಳದಲ್ಲಿ ಪಕ್ಷಪಾತವಿಲ್ಲ ಎಂದೂ ಅವರ ಅರ್ಥದಲ್ಲಿ ಒಟ್ಟಿಗೆ ಹಿಡಿದರೆ, ನಾಳೆಯ ಪ್ರಭಾವವನ್ನು ಒಪ್ಪದೆ ಗತಿಯಿಲ್ಲ. ಇದು ನಾಳೆಯ ಪ್ರಭಾವ ಇದೆ ಎಂದು ಸಿದ್ಧಪಡಿಸಿದಂತಲ್ಲ. ಬೆಲೆಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿತು, ಅಷ್ಟೆ.

ಕಾಲದ ವಿಚಾರದಲ್ಲಿ ನಮ್ಮ ನಾಡಿನಲ್ಲೂ ಕೆಲಸ ನಡೆದಿದೆ. ಎರಡು ಕಣಗಳನ್ನು ದೂರ ಕಳಿಸುವ ಬದಲು, ಒಂದನ್ನೇ ಬೇರೆ ಬೇರೆ ಕ್ಷಣಗಳಲ್ಲಿ ಪ್ರಶ್ನಿಸುವ ಎಣಿಕೆಯನ್ನು 1985ರಲ್ಲಿ ಆಂಟನಿ ಲೆಗೆಟ್ ಮತ್ತು ಅನುಪಮ್ ಗರ್ಗ್ ಸೂಚಿಸಿದರು. ಪ್ರತಿ ಕ್ಷಣವೂ ವಸ್ತುವಿಗೆ ಒಂದು ನಿಶ್ಚಿತ ಸ್ಥಿತಿಯಿದೆ, ಅದನ್ನು ಕದಡದೆ ನೋಡಬಹುದು ಎಂದು ನಂಬಿದರೆ ಎಣಿಕೆ ಒಂದು ಮಿತಿ ದಾಟಬಾರದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಒಂಟಿ ಫೋಟಾನುಗಳಿಂದ ಇದನ್ನು ಲೋಪಗಳಿಗೆ ಎಡೆಗೊಡದೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಮಿತಿ ದಾಟಿತ್ತು.

ಇಷ್ಟೆಲ್ಲ ಖರ್ಚು ಯಾಕೆ, ಹಣೆಬರಹದ ಖಾತೆಯನ್ನೇ ಮುಚ್ಚಿಬಿಡೋಣ ಎನ್ನುವವರೇ ವಿಜ್ಞಾನಿಗಳಲ್ಲಿ ಹೆಚ್ಚು. ಆಶರ್ ಪೆರೆಸ್ ಎಂಬವರು 1978ರ ಒಂದು ಲೇಖನದಲ್ಲಿ, ಮಾಡದ ಪ್ರಯೋಗಗಳಿಗೆ ಫಲಿತಾಂಶವೇ ಇಲ್ಲ ಎಂಬ ನಿಲುವನ್ನು ಮುಂದಿಟ್ಟರು. ಚೀಟಿಯ ಲೆಕ್ಕ ಸೋತದ್ದೇಕೆಂದು ಅವರ ಕಣ್ಣಿನಿಂದ ನೋಡಿ: ನಾವು ಕೇಳಿದ್ದು ಒಂದು ಪ್ರಶ್ನೆ, ಆದರೆ ಚೀಟಿಯಲ್ಲಿ ಮೂರಕ್ಕೂ ಉತ್ತರವಿದೆ ಎಂದು ಭಾವಿಸಿ ಎಣಿಸಿದೆವು. ಕೇಳದ ಎರಡು ಪ್ರಶ್ನೆಗಳ ಉತ್ತರ ಎಲ್ಲೂ ಬರೆದಿರಲಿಲ್ಲ.

ಇವರಲ್ಲಿ ಯಾರು ಸರಿ ಎಂದು ಇಂದಿಗೂ ತೀರ್ಮಾನವಾಗಿಲ್ಲ. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಬೇಕೆಂದು ತಿಳಿಯದ ಮೊತ್ತವನ್ನು 'ಸಸ್ಪೆನ್ಸ್' ಖಾತೆಯಲ್ಲಿ ಇಡುತ್ತೇವೆ. ಅದು ಅವಮಾನವಲ್ಲ, ತಾಳೆಯಾಗದ್ದನ್ನು ತಾಳೆಯಾಯಿತೆಂದು ತೋರಿಸದಿರುವುದು ಪ್ರಾಮಾಣಿಕತೆ. ಈ ಮೊತ್ತ ಮಾತ್ರ ನೂರು ವರ್ಷಗಳಿಂದ ಅಲ್ಲೇ ಇದೆ.

1955ರ ಮಾರ್ಚಿನಲ್ಲಿ ಐನ್‌ಸ್ಟೈನರ ಜೀವದ ಗೆಳೆಯ ಮಿಕೆಲೆ ಬೆಸ್ಸೊ ತೀರಿಕೊಂಡಾಗ, ಭೂತ ವರ್ತಮಾನ ಭವಿಷ್ಯಗಳ ಭೇದ ಭೌತಶಾಸ್ತ್ರವನ್ನು ನಂಬಿದವರಿಗೆ ಒಂದು ಹಠಮಾರಿ ಭ್ರಮೆ ಮಾತ್ರ ಎಂಬ ಅರ್ಥದ ಕಾಗದವನ್ನು ಅವರು ಮನೆಯವರಿಗೆ ಬರೆದರು. ಮರುತಿಂಗಳೇ ಅವರೂ ಹೋದರು. ಈ ಮಾತು ದುಃಖದಲ್ಲಿದ್ದವರಿಗೆ ಎಷ್ಟು ಸಮಾಧಾನ ತಂದಿತೋ ನಾನರಿಯೆ. ಅಮ್ಮನಿಗೆ ಇದನ್ನು ಓದಿ ಹೇಳಿದಾಗ, "ದೊಡ್ಡವರು, ಚೆಂದ ಬರೆದಿದ್ದಾರೆ" ಎಂದರು. ಅವರ ಹಣೆಬರಹಕ್ಕೆ ನಾನು ಕೈಹಚ್ಚಲಿಲ್ಲ. ಫೋಟಾನಿನ ಲೆಕ್ಕವನ್ನು ತಂದು ಅವರ ಆಸರೆಯನ್ನು ಕಿತ್ತುಕೊಳ್ಳುವ ಅಧಿಕಾರ ಆ ಲೆಕ್ಕಕ್ಕೂ ಇಲ್ಲ, ನನಗೂ ಇಲ್ಲ.

ಅತ್ತಿಗೆಗೆ ಮಾತ್ರ ಒಂದು ದಿನ ಅವಳಿಗಳ ಕತೆಯನ್ನು ಕಾಗದದ ಮೇಲೆ ಎಂಟು ಚೀಟಿ ಬರೆದು ವಿವರಿಸಿದೆ. ಅವರು ಹಿಂದೆ ಶಾಲೆಯಲ್ಲಿ ಗಣಿತ ಚೆನ್ನಾಗಿ ಕಲಿತವರು. ಎಣಿಸಿ ನೋಡಿ, "ಹೌದು, ಸಾವಿರಕ್ಕೆ ಕಡಿಮೆ ಬರಲಿಕ್ಕಿಲ್ಲ" ಎಂದರು. 750 ಬರುತ್ತದೆ ಎಂದಾಗ ಬಹಳ ಹೊತ್ತು ಆ ಕಾಗದವನ್ನೇ ನೋಡಿದರು. "ಮನುಷ್ಯರ ವಿಷಯ ಬೇರೆ ಅತ್ತಿಗೆ. ಆದರೆ ಆ ಮಧ್ಯಾಹ್ನ ಹೋಗಿರುತ್ತಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಎಲ್ಲೋ ಬರೆದಿಟ್ಟಿದೆ, ನಮಗೆ ಓದಲು ಸಿಕ್ಕಿಲ್ಲ ಅಷ್ಟೇ ಎಂದು ನಾನಿನ್ನು ಹೇಳಲಾರೆ" ಎಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಕಾಗದ ಇಲ್ಲಿ ಕೊಡಿ, ಇನ್ನೊಮ್ಮೆ ಎಣಿಸುತ್ತೇನೆ" ಎಂದರು.